ಭೂತಗನ್ನಡಿಯಲ್ಲಿ ಬಚ್ಚಲೊಲೆ ಹೊತ್ತಿಸಿದ್ದು: ನಾಲ್ಕು ವಾರದ ದಿನಚರಿ

ಕೆಲಸ ಮುಗಿದು ಎರಡು ದಿನವಾಯಿತು. ಕೈಗೆ ಹಿಡಿದ ಸೆಗಣಿ ಹೊಗೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬೇರೆ ಯಾರಾದರೂ ಈ ಹುಚ್ಚು ಹಿಡಿಸಿಕೊಂಡರೆ ನಾನು ಮಾಡಿದ ತಪ್ಪುಗಳನ್ನಾದರೂ ಬಿಟ್ಟು ಹೊಸ ತಪ್ಪು ಮಾಡಲಿ.

ನಮ್ಮದು ಉಡುಪಿ ಹತ್ತಿರ ಅಲೆವೂರಿನಲ್ಲಿ ಹಂಚಿನ ಮನೆ. ಸೋಲಾರ್ ಹಾಕಿಸಿದ್ದೇವೆ, ಆದರೂ ಅಮ್ಮನಿಗೆ ಹಂಡೆಯ ನೀರೇ ಆಗಬೇಕು. ಬೆಳಿಗ್ಗೆ ಐದೂಮುಕ್ಕಾಲಿಗೆ ಬಚ್ಚಲೊಲೆಗೆ ಬೆಂಕಿ ಬೀಳುತ್ತದೆ. ಪಂಥ ಹುಟ್ಟಿದ್ದು ಅಲ್ಲಿಯೇ.

ಜನವರಿ 14, 2025, ಮಂಗಳವಾರ

ಸಂಕ್ರಾಂತಿ. ಅಣ್ಣನ ಮಗನನ್ನು ಕರೆದುಕೊಂಡು ಉಡುಪಿ ಕೃಷ್ಣಮಠದ ಮೂರು ತೇರು ನೋಡಲು ಹೋಗಿದ್ದೆ. ರಥಬೀದಿಯ ಸಂತೆಯಲ್ಲಿ ಅವನಿಗೊಂದು ಭೂತಗನ್ನಡಿ ಬೇಕಾಯಿತು. ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಮಸೂರ, ಅಗಲ 50 ಮಿ.ಮೀ. ಎಂಬತ್ತು ಹೇಳಿದ, ಅರವತ್ತಕ್ಕೆ ಕೊಟ್ಟ.

ಮನೆಗೆ ಬಂದ ಹುಡುಗ ಅಜ್ಜಿಗೆ ತೋರಿಸಿ, ಇದರಲ್ಲಿ ಬಿಸಿಲು ಹಿಡಿದರೆ ಬೆಂಕಿ ಬರುತ್ತದೆ ಎಂದ. ಹೆಸರೇನು ಎಂದು ಕೇಳಿದರು. ಭೂತಗನ್ನಡಿ ಎಂದ. "ರಾತ್ರಿ ಹೊತ್ತು ಭೂತದ ಹೆಸರು ಹಿಡಿದು ಆಟ ಬೇಡ" ಎಂದರು ಅಮ್ಮ. ನಮ್ಮ ಕಡೆ ಭೂತಕೋಲ ನಡೆಯುವ ತಿಂಗಳು ಬೇರೆ. ಆಮೇಲೆ ನನ್ನ ಕಡೆ ತಿರುಗಿ, "ಬೆಂಕಿ ಬರುವುದಾದರೆ ಬಚ್ಚಲೊಲೆ ಹೊತ್ತಿಸಿ ತೋರಿಸು. ಆವತ್ತು ಗೋಳಿಬಜೆ ಮಾಡಿ ಹಾಕ್ತೇನೆ" ಎಂದರು. ಗೋಳಿಬಜೆ ಎಂದರೆ ನಮ್ಮ ಕಡೆಯ ಕರಿದ ತಿಂಡಿ.

ಷರತ್ತು ಅವರದೇ: ಬೆಂಕಿಪೆಟ್ಟಿಗೆ, ಲೈಟರ್, ಸೀಮೆಎಣ್ಣೆ, ಪೆಟ್ರೋಲು ಯಾವುದೂ ಇಲ್ಲ. ಬೆಂಕಿಕಡ್ಡಿಯ ಮದ್ದಿನ ತುದಿಗೆ ಬಿಸಿಲು ಹಿಡಿಯುವುದೂ ಇಲ್ಲ. ಅದು ಎರಡು ಸೆಕೆಂಡಿನಲ್ಲಿ ಹತ್ತಿಕೊಳ್ಳುತ್ತದೆ ಎಂದು ಅವರಿಗೆ ಹೇಗೋ ಗೊತ್ತಿತ್ತು.

ಜನವರಿ 15, ಬುಧವಾರ

ಬೆಳಿಗ್ಗೆ ಎಂಟೂಕಾಲಿಗೆ, ಕೆಲಸಕ್ಕೆ ಹೋಗುವ ಮೊದಲು ಅಂಗಳದಲ್ಲಿ ಪೇಪರ್ ಹಾಸಿ ಕೂತೆ. ಹತ್ತು ನಿಮಿಷ ಹಿಡಿದರೂ ಕಾಗದ ಬೆಚ್ಚಗೆ ಕೂಡ ಆಗಲಿಲ್ಲ.

ಆಗ ಕಾಣದ ತಪ್ಪುಗಳು ಈಗ ಸಾಲಾಗಿ ಕಾಣುತ್ತವೆ. ಆ ಹೊತ್ತಿಗೆ ಸೂರ್ಯ ಇನ್ನೂ ತೆಂಗಿನ ತಲೆಯ ಮಟ್ಟದಲ್ಲಿ, ಘಟ್ಟದ ಕಡೆಯ ಮಂಜಿನ ಹಿಂದೆ ಇರುತ್ತಾನೆ. ರಾತ್ರಿಯ ಇಬ್ಬನಿಗೆ ಪೇಪರ್ ಮೆತ್ತಗಾಗಿತ್ತು, ಹಾಸಿದ್ದು ಸಿಮೆಂಟಿನ ತಣ್ಣನೆ ನೆಲದ ಮೇಲೆ. ಮಸೂರವನ್ನು ನಾನು ನೆಲಕ್ಕೆ ಸಮನಾಗಿ ಹಿಡಿದಿದ್ದೆ, ಸೂರ್ಯನಿಗೆ ಎದುರಾಗಿ ಅಲ್ಲ. ಹಾಗಾಗಿ ಚುಕ್ಕಿಯ ಬದಲು ಬಾಲವಿದ್ದ ಗೊದಮೊಟ್ಟೆಯಂಥ ಬೆಳಕು ಬಿತ್ತು. ನೇರ ಮಾಡಿದ ಮೇಲೂ ಅದು 4 ಮಿ.ಮೀ.ಗಿಂತ ಚಿಕ್ಕದಾಗಲಿಲ್ಲ. ಅಗ್ಗದ ಪ್ಲಾಸ್ಟಿಕ್, ಅಂಚಿನ ಬೆಳಕು ಒಂದು ಕಡೆ, ನಡುವಿನದು ಇನ್ನೊಂದು ಕಡೆ.

ಹುಡುಗ ಅದೇ ಮಸೂರದಲ್ಲಿ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಎಲೆಗೆ ತೂತು ಮಾಡಿ ಬಂದ. ಹೊತ್ತಿನ ಮಾತು ತಲೆಗೆ ಹೋಗಿದ್ದು ಆಗ.

ಜನವರಿ 19, ಭಾನುವಾರ

ಉಡುಪಿಯ ಸ್ಟೇಷನರಿ ಅಂಗಡಿಯಲ್ಲಿ ಗಾಜಿನ ಮಸೂರ ಸಿಕ್ಕಿತು: 90 ಮಿ.ಮೀ. ಅಗಲ, 380 ರೂಪಾಯಿ. ಮೊದಲನೆಯದಕ್ಕಿಂತ ಬೆಳಕು ಹಿಡಿಯುವ ಜಾಗ ಮೂರು ಪಟ್ಟಿಗೂ ಹೆಚ್ಚು. ಹಿಡಿ ಸಡಿಲವಿತ್ತು, ಹೇಗೂ ತೆಗೆಯುವುದೇ ಎಂದು ತಂದೆ.

ಮೊದಲು ನಡುಹಗಲು ಯಾವಾಗ ಎಂದು ನೋಡಿದೆ. ಅಂಗಳದಲ್ಲಿ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಟ್ಟೆ. ಅತಿ ಗಿಡ್ಡ ನೆರಳು ಬಿದ್ದದ್ದು 12.40ರ ಆಸುಪಾಸಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಉಡುಪಿ ಅದರಿಂದ ಎಷ್ಟೋ ಪಶ್ಚಿಮಕ್ಕಿದೆ, ಅದಕ್ಕೇ ಅರ್ಧ ಗಂಟೆ ತಡ. ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಇನ್ನೂ ಹತ್ತು-ಹದಿನಾಲ್ಕು ನಿಮಿಷ ಸೇರುತ್ತದೆ. ಹನ್ನೆರಡು ಹೊಡೆಯಿತು, ಸೂರ್ಯ ನೆತ್ತಿಗೆ ಬಂದ ಎಂದು ಇಲ್ಲಿ ಕೂತರೆ ಮುಕ್ಕಾಲು ಗಂಟೆ ಬೇಗ ಕೂತ ಹಾಗೆ.

ಮಸೂರದ ಸಂಗಮ ದೂರ, ಅಂದರೆ ಬಿಸಿಲು ಒಂದು ಚುಕ್ಕಿಗೆ ಕೂಡುವ ದೂರ, ಸ್ಕೇಲಿನಲ್ಲಿ ಅಳೆದಾಗ 26 ಸೆಂ.ಮೀ. ಬಂತು. ಚುಕ್ಕಿ ಸುಮಾರು ಎರಡೂವರೆ ಮಿ.ಮೀ. ಈ ಮಸೂರಕ್ಕೆ ಅದಕ್ಕಿಂತ ಚಿಕ್ಕ ಚುಕ್ಕಿ ಬರುವುದಿಲ್ಲ, ಅದು ಬರೀ ಚುಕ್ಕಿಯಲ್ಲ, ಸೂರ್ಯನ ಚಿತ್ರ. ಸಂಗಮ ದೂರವನ್ನು 107ರಿಂದ ಭಾಗಿಸಿದರೆ ಸೂರ್ಯನ ಚಿತ್ರದ ಅಗಲ ಸಿಗುತ್ತದೆ. ಆ ಚುಕ್ಕಿಗೆ ಬಂದು ಸೇರುವುದು ಹೆಚ್ಚೆಂದರೆ ಐದು ವಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬು ತಿನ್ನುವಷ್ಟು ಕರೆಂಟು. ಅದರಲ್ಲಿ ಹಂಡೆಯ ಒಲೆ ಹೊತ್ತಿಸಬೇಕು.

ಆ ದಿನ ಹಿಡಿದದ್ದು ಇಷ್ಟು.

ಪೇಪರಿನ ಬಿಳಿ ಅಂಚು: ಹದಿನೈದು ಸೆಕೆಂಡಾದ ಮೇಲೆ ಕಂದು ಬಣ್ಣ. ಅದೇ ಪೇಪರಿನ ದಪ್ಪ ತಲೆಬರಹದ ಕಪ್ಪು ಅಕ್ಷರ: ಎರಡು ಸೆಕೆಂಡಿಗೆ ಹೊಗೆ, ಆಮೇಲೆ ತೂತು. ತೂತಿನ ಅಂಚಿನಲ್ಲಿ ಕೆಂಪು ಗೆರೆ ಓಡುತ್ತದೆ, ಅಷ್ಟರಲ್ಲಿ ಆರುತ್ತದೆ. ಜ್ವಾಲೆ ಇಲ್ಲ. ಎರಡು ಪುಟದಷ್ಟು ಸುದ್ದಿಗೆ ತೂತು ಬಿತ್ತು, ಒಂದೂ ಹೊತ್ತಲಿಲ್ಲ.

ದೀಪದ ಬತ್ತಿಯ ಹತ್ತಿ: ಇದು ಖಂಡಿತ ಹೊತ್ತುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಬಿಳಿ ಬಣ್ಣ ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ.

ಕರ್ಪೂರ: ನನ್ನ ದೊಡ್ಡ ಭರವಸೆ ಇದರ ಮೇಲಿತ್ತು. ಬೆಳಕು ಬಿಲ್ಲೆಯ ಒಳಗೆಲ್ಲ ಹರಡಿ ಬಿಲ್ಲೆಯೇ ಹೊಳೆಯಿತು, ಮೇಲೆ ಸಣ್ಣ ಗುಳಿ ಬಿತ್ತು, ದೇವರ ಕೋಣೆಯ ವಾಸನೆ ಬಂತು. ಎರಡು ನಿಮಿಷ ಹಿಡಿದರೂ ಅಷ್ಟೇ, ಆವಿಯಾಗಿ ಹೋಗುತ್ತದೆಯೇ ಹೊರತು ಹೊತ್ತುವುದಿಲ್ಲ. ಅಮ್ಮ ಒಳಗಿಂದಲೇ, "ಆರತಿ ಆಯ್ತಾ?" ಎಂದು ಕೇಳಿದರು.

ತೆಂಗಿನ ನಾರು: ಬಚ್ಚಲಿನ ಸಿಪ್ಪೆ ರಾಶಿಯಿಂದ ಕಿತ್ತದ್ದು. ಬಿಳಿ ಹೊಗೆ ಬಂತು. ಅದು ಹೊಗೆಯಲ್ಲ, ನೀರಿನ ಆವಿ ಎಂದು ಗೊತ್ತಾಗಲು ಇನ್ನೊಂದು ವಾರ ಬೇಕಾಯಿತು.

ಇನ್ನೊಂದು ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು. ಬಿಳಿ ಕಾಗದದ ಮೇಲಿನ ಚುಕ್ಕಿಯನ್ನು ಬರಿಗಣ್ಣಿನಲ್ಲಿ ಅರ್ಧ ಗಂಟೆ ನೋಡುತ್ತಾ ಕೂತಿದ್ದೆ. ಒಳಗೆ ಬಂದರೆ ಗೋಡೆ ಮೇಲೆಲ್ಲ ಹಸಿರು ಕಲೆ, ಸಂಜೆಯವರೆಗೂ ಹೋಗಲಿಲ್ಲ. ಮಾರನೆ ದಿನವೇ ಹಾರ್ಡ್‌ವೇರ್ ಅಂಗಡಿಯಿಂದ ವೆಲ್ಡಿಂಗಿನವರ ಕಪ್ಪು ಗಾಜು ತಂದೆ, 40 ರೂಪಾಯಿ. ಅದಿಲ್ಲದೆ ಹುಡುಗನನ್ನು ಹತ್ತಿರ ಬಿಡಲಿಲ್ಲ. ಮಸೂರದ ಮೂಲಕ ಸೂರ್ಯನನ್ನೇ ನೋಡುವುದನ್ನಂತೂ ಈ ಗಾಜು ಇದ್ದರೂ ಮಾಡಬಾರದು, ಹಾಗೆಂದು ಅವನ ಕೈಯಲ್ಲಿ ಆಣೆ ಹಾಕಿಸಿದೆ.

ಜನವರಿ 22, ಬುಧವಾರ ರಾತ್ರಿ

ಕೈಯಲ್ಲಿ ಹಿಡಿದರೆ ಚುಕ್ಕಿ ನಡುಗುತ್ತದೆ, ಒಂದು ಜಾಗ ಕಾಯುವ ಮೊದಲು ಇನ್ನೊಂದಕ್ಕೆ ಹಾರುತ್ತದೆ. ಹಾಗಾಗಿ ಒಂದು ಸ್ಟ್ಯಾಂಡು.

90 ಮಿ.ಮೀ. ಪಿವಿಸಿ ಪೈಪಿನ ಎಂಡ್ ಕ್ಯಾಪ್ ತಂದೆ, 45 ರೂಪಾಯಿ. ಪೈಪಿನ ಹೊರ ಅಗಲ 90 ಮಿ.ಮೀ., ಆದ್ದರಿಂದ ಕ್ಯಾಪಿನ ಒಳ ಅಗಲವೂ ಅಷ್ಟೇ. ಮಸೂರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಈ ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಹೋದದ್ದು ಇದೊಂದೇ. ಕ್ಯಾಪಿನ ತಳವನ್ನು ಡ್ರಿಲ್ಲಿನಲ್ಲಿ ಸುತ್ತ ತೂತು ಹೊಡೆದು, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆದೆ, ಮಸೂರ ಕೂರಲು 4 ಮಿ.ಮೀ. ಅಂಚು ಉಳಿಸಿ. ಹಂಚು ರಿಪೇರಿಯಲ್ಲಿ ಉಳಿದ ರೀಪು (ಮರದ ಪಟ್ಟಿ) ಎರಡು ತುಂಡು, 40 ಸೆಂ.ಮೀ. ಉದ್ದ. ಅಡಿಗೆ 30 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಪ್ಲೈವುಡ್. ಎರಡು ಬೋಲ್ಟು, ಎರಡು ವಿಂಗ್ ನಟ್, 30 ರೂಪಾಯಿ.

ಮಸೂರವನ್ನು ಹಲಗೆಯಿಂದ ಸರಿಯಾಗಿ 26 ಸೆಂ.ಮೀ. ಮೇಲೆ ಕೂರಿಸಿ ಖುಷಿಯಿಂದ ಮಲಗಿದೆ. ಮಾರನೆ ದಿನ ಊಟದ ಹೊತ್ತಿಗೆ ಮನೆಗೆ ಬಂದು ಅಂಗಳದಲ್ಲಿಟ್ಟರೆ ಚುಕ್ಕಿ ಹಲಗೆಯ ಮೇಲೆ ಬೀಳುವುದೇ ಇಲ್ಲ! ಜನವರಿಯಲ್ಲಿ ನಮ್ಮೂರಿನ ಸೂರ್ಯ ನಡುಹಗಲಲ್ಲೂ ನೆತ್ತಿಯ ಮೇಲಿರುವುದಿಲ್ಲ, ದಕ್ಷಿಣಕ್ಕೆ ಬಾಗಿರುತ್ತಾನೆ, ನೆಲದಿಂದ 56-57 ಡಿಗ್ರಿ ಎತ್ತರದಲ್ಲಿ. ಮಸೂರವನ್ನು ಅವನ ಕಡೆ ಓರೆ ಮಾಡಿದ ಕೂಡಲೇ ಚುಕ್ಕಿ ಸುಮಾರು 17 ಸೆಂ.ಮೀ. ಉತ್ತರಕ್ಕೆ ಹೋಗಿ ನೆಲಕ್ಕೆ ಬೀಳುತ್ತದೆ, ಅದೂ ಮಬ್ಬಾಗಿ. ಏಪ್ರಿಲ್ ಕೊನೆಗಾಗಿದ್ದರೆ ನನ್ನ ಸ್ಟ್ಯಾಂಡು ಸರಿಯೇ ಇತ್ತು, ಆಗ ಇಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ. ಅಲ್ಲಿಯವರೆಗೆ ಗೋಳಿಬಜೆಗೆ ಕಾಯುವವರು ಯಾರು?

ಪರಿಹಾರ ಸುಲಭದ್ದೇ. ಮಸೂರವನ್ನು ಹಲಗೆಗೆ ಸಮನಾಗಿಯೇ ಬಿಗಿದು, ಇಡೀ ಸ್ಟ್ಯಾಂಡನ್ನೇ ಆರಾಮ ಕುರ್ಚಿಯ ಹಾಗೆ ಹಿಂದಿನಿಂದ ಕೋಲು ಕೊಟ್ಟು ಓರೆ ನಿಲ್ಲಿಸಿದೆ. ಓರೆ ಎಷ್ಟು ಎಂದು ನೋಡಲು ಹಲಗೆಯ ಮೂಲೆಯಲ್ಲಿ ಎರಡಿಂಚಿನ ಮೊಳೆಯೊಂದನ್ನು ನೆಟ್ಟಗೆ ಹೊಡೆದೆ. ಮೊಳೆಯ ನೆರಳು ಅದರ ಬುಡದೊಳಗೇ ಮಾಯವಾದರೆ ಹಲಗೆ ಸೂರ್ಯನಿಗೆ ನೇರ ಎದುರು. ಬೇರೆ ಯಾವ ಅಳತೆಯೂ ಬೇಡ. ಓರೆ ಹಲಗೆಯಿಂದ ನಾರು ಜಾರಿ ಬೀಳದ ಹಾಗೆ ನಾಲ್ಕು ಗುಂಡುಸೂಜಿ.

ಜನವರಿ 25, ನಾಲ್ಕನೇ ಶನಿವಾರ

ರಜೆ. ಅಂಗಳದಲ್ಲಿ ತೆಂಗಿನ ನೆರಳು ಬೀಳದ ಒಂದೇ ಜಾಗ ಉಂಟು, ಅಲ್ಲಿ ಅಮ್ಮ ಟಾರ್ಪಾಲು ಹಾಸಿ ಅಡಿಕೆ ಒಣಗಿಸುತ್ತಾರೆ. ಅಡಿಕೆಯನ್ನು ಒಂದು ಕಡೆ ಸರಿಸಿ ಅದರ ನಡುವೆಯೇ ಸ್ಟ್ಯಾಂಡು ಇಟ್ಟೆ. ನಾರು ಹಿಡಿದೆ, ಆವಿ ಬಂತು. ಬಾಳೆಯ ಒಣ ಸೋಗೆ ಹಿಡಿದೆ, ಕರಿ ಗೆರೆ ಬಿತ್ತು, ಮುಂದಕ್ಕೆ ಹೋಗಲಿಲ್ಲ. ಅಡಿಕೆ ಹಾಳೆಗೂ ಅದೇ ಗತಿ. ಒಂದೂಕಾಲಿಗೆ ಊಟಕ್ಕೆ ಕರೆದರು, ಎದ್ದು ಹೋದೆ.

ಮಸೂರಕ್ಕೆ ಬಟ್ಟೆ ಮುಚ್ಚಲಿಲ್ಲ.

ಊಟ ಮುಗಿಸಿ, ಮಜ್ಜಿಗೆ ಕುಡಿದು, ಸ್ವಲ್ಪ ಕಾಲು ಚಾಚಿ ಎರಡೂವರೆ ಹೊತ್ತಿಗೆ ಹೊರಗೆ ಬಂದರೆ ಅಡಿಕೆ ರಾಶಿಯಿಂದ ನೀಲಿ ಹೊಗೆಯ ಎಳೆ ಏಳುತ್ತಿದೆ. ಹಲಗೆಯ ನಡುವಿನಿಂದ ಅಂಚಿನವರೆಗೆ ಆರು ಸೆಂ.ಮೀ. ಉದ್ದದ ಕಪ್ಪು ಗೆರೆ, ಸೀಸದಕಡ್ಡಿಯಲ್ಲಿ ಎಳೆದಷ್ಟು ನೇರ. ಸೂರ್ಯ ಗಂಟೆಗೆ 15 ಡಿಗ್ರಿ ಪಡುವಣಕ್ಕೆ ಸರಿದ, ಚುಕ್ಕಿ ಅಷ್ಟೇ ಮೂಡಣಕ್ಕೆ ನಡೆದುಕೊಂಡು ಹೋಗಿ, ಅಂಚು ದಾಟಿ, ಹಲಗೆಗೆ ತಾಗಿಕೊಂಡಿದ್ದ ಅಡಿಕೆಯ ಮೇಲೆ ಕೂತಿದೆ. ಒಂದು ಅಡಿಕೆಯ ಸಿಪ್ಪೆ ಪೂರ್ತಿ ಕೆಂಡ. ಅದರ ಅಡಿಯಲ್ಲಿ ಟಾರ್ಪಾಲಿಗೆ ರೂಪಾಯಿ ನಾಣ್ಯದಷ್ಟು ತೂತು. ಬಾಲ್ದಿ ನೀರು ಸುರಿದೆ, ಅಡಿಕೆಯೆಲ್ಲ ಒದ್ದೆ. ಬೈಗಳು ಬರೆಯುವುದಿಲ್ಲ.

ಬಿಸಿಲು ಎಷ್ಟು ಹೊತ್ತು ಇತ್ತು ಎಂದು ಲೆಕ್ಕ ಹಿಡಿಯಲು ಹವಾಮಾನದವರು ಗಾಜಿನ ಗುಂಡು ಇಟ್ಟು ಕಾರ್ಡಿನ ಮೇಲೆ ಗೆರೆ ಸುಡಿಸುವ ಉಪಕರಣವೊಂದುಂಟು, ಕ್ಯಾಂಪ್‌ಬೆಲ್ ಎಂಬವರು 1853ರಲ್ಲಿ ಮಾಡಿದ್ದು, 1879ರಲ್ಲಿ ಸ್ಟೋಕ್ಸ್ ತಿದ್ದಿದ್ದು. ಪುಸ್ತಕದಲ್ಲಿ ಓದಿದ್ದೆ. ನನ್ನ ಹಲಗೆಯಲ್ಲೂ ಅದೇ ಆಯಿತು, ಅಡಿಕೆ ಸೇರಿಸಿ.

ಟಾರ್ಪಾಲಿಗೆ ಅಂಟಿಸುವ ಟೇಪು 120 ರೂಪಾಯಿ. ಅಂದಿನಿಂದ ಮಸೂರ ಕೈಯಲ್ಲಿಲ್ಲದ ಹೊತ್ತಿನಲ್ಲಿ ಹಳೆ ಪಂಚೆಯ ಚೀಲದಲ್ಲಿ, ಕಪಾಟಿನ ಒಳಗೆ. ಕಿಟಕಿಯ ಹಲಗೆಯ ಮೇಲಂತೂ ಇಡುವುದೇ ಇಲ್ಲ.

ಸಂಜೆ ಒಂದು ಯೋಚನೆ ಬಂತು. ಹನ್ನೊಂದು ದಿನ ನಾನು ಕೂತು ಮಾಡಲಾಗದ್ದನ್ನು ಮಸೂರ ನಾನಿಲ್ಲದಾಗ ಮಾಡಿತ್ತು. ಹಾಗಾದರೆ ಮಸೂರದ ತಪ್ಪಲ್ಲ. ಆ ಅಡಿಕೆ ಒಂದು ತಿಂಗಳಿಗೂ ಮಿಕ್ಕಿ ಬಿಸಿಲು ಕಂಡದ್ದು, ನನ್ನ ನಾರು ಬಚ್ಚಲಿನ ಮೂಲೆಯದ್ದು. ತಕ್ಕಡಿ ತಂದು ಅದೇ ರಾಶಿಯ ನಾರು 100 ಗ್ರಾಂ ತೂಗಿ, ತಗಡಿನ ಮೇಲೆ ಹರಡಿ, ಎರಡು ದಿನ ಬಿಸಿಲಿಗಿಟ್ಟು, ಸಂಜೆ ನಾಲ್ಕಕ್ಕೇ ಡಬ್ಬಿಗೆ ಹಾಕಿ ಮುಚ್ಚಿದೆ. ಮತ್ತೆ ತೂಗಿದರೆ 83 ಗ್ರಾಂ. ಮುಟ್ಟಿದರೆ ಒಣಗಿದೆ ಎನಿಸುತ್ತಿದ್ದ ನಾರಿನೊಳಗೆ 17 ಗ್ರಾಂ ನೀರು. ಕರಾವಳಿಯ ಗಾಳಿಯಲ್ಲಿ ಇಟ್ಟದ್ದೆಲ್ಲ ರಾತ್ರಿ ಬೆಳಗಾಗುವುದರೊಳಗೆ ನೀರು ಕುಡಿಯುತ್ತದೆ. ಉಪ್ಪಿನ ಡಬ್ಬಿ ನೋಡಿದವರಿಗೆ ಹೇಳಬೇಕಾಗಿಲ್ಲ.

"ಅಡಿಕೆ ಸಿಪ್ಪೆಯಲ್ಲೇ ಮಾಡ್ತೇನೆ ಹಾಗಾದರೆ" ಎಂದೆ. "ಅಡಿಕೆಗೆ ಕೈ ಹಾಕಿದರೆ ನೋಡು" ಎಂದರು ಅಮ್ಮ. ಸುಟ್ಟ ಅಡಿಕೆಯ ಬೆಂಕಿ ಪಂಥದ ಲೆಕ್ಕಕ್ಕಿಲ್ಲ ಎಂದೂ ಸೇರಿಸಿದರು.

ಜನವರಿ 26, ಭಾನುವಾರ

ಪಕ್ಕದ ಮನೆಯ ಭಟ್ರು ಬೇಲಿಯಾಚೆ ನಿಂತು ಇಷ್ಟು ದಿನ ನೋಡುತ್ತಿದ್ದವರು ಇವತ್ತು ಬಾಯಿಬಿಟ್ಟರು. "ಎಂತ ಮಾರಾಯ, ಯಜ್ಞಕ್ಕೆ ಅರಣಿ ಕಟ್ಟಿಗೆ ಕಡೆದು ಬೆಂಕಿ ಮಾಡುವವರೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ."

ನಾನು ಕಷ್ಟ ಹೇಳಿಕೊಂಡೆ. ಅವರು ಸಂಸ್ಕೃತ ಪಾಠ ಹೇಳಿದವರು. ವೇದದ ಪದಗಳ ಅರ್ಥ ಬಿಡಿಸುವ ಹಳೆ ಗ್ರಂಥವಾದ ಯಾಸ್ಕರ ನಿರುಕ್ತದಲ್ಲಿ ಬಿಸಿಲಿನಿಂದ ಬೆಂಕಿ ಮಾಡುವುದು ಬರುತ್ತದೆ ಎಂದರು. ಕಂಚನ್ನೋ ಮಣಿಯನ್ನೋ ಚೆನ್ನಾಗಿ ತಿಕ್ಕಿ ಸೂರ್ಯನಿಗೆ ಎದುರಾಗಿ ಹಿಡಿಯುವುದು, ಒಣ ಸೆಗಣಿಯನ್ನು ಅದಕ್ಕೆ ತಾಗಿಸದೆ ಹಿಡಿಯುವುದು, ಅದು ಹೊತ್ತಿಕೊಳ್ಳುತ್ತದೆ. ಅಲ್ಲಿ ಇದು ಬರುವುದು ವೇದದ ವೈಶ್ವಾನರ ಎಂಬ ಹೆಸರು ಸೂರ್ಯನದೋ ಅಗ್ನಿಯದೋ ಎಂಬ ಚರ್ಚೆಯ ನಡುವೆ. ನನಗೆ ಆ ಚರ್ಚೆ ಬೇಕಿರಲಿಲ್ಲ. ಒಣ ಸೆಗಣಿ ಎಂಬ ಮಾತು ಸಾಕಾಯಿತು. ಹತ್ತಿ, ಕರ್ಪೂರ, ಕಾಗದ ಎಂದು ಎರಡು ವಾರ ಅಲೆದವನಿಗೆ ಕೊಟ್ಟಿಗೆ ನೆನಪೇ ಆಗಿರಲಿಲ್ಲ. "ತಾಗಿಸದೆ" ಎಂದಿದ್ದಾರೆ ನೋಡಿ, ಸಂಗಮ ದೂರ ಬಿಟ್ಟು ಹಿಡಿ ಎಂದ ಹಾಗೆ.

ಭಟ್ರ ಹಟ್ಟಿಯಿಂದ ಒಂದು ಬೆರಣಿ ತಂದೆ, ಮೇಲೆಲ್ಲ ಗಟ್ಟಿ ಒಣಗಿತ್ತು. ಚುಕ್ಕಿ ಹಿಡಿದರೆ ಹೊಗೆ ಬಂತು, ವಾಸನೆಯೂ ಬಂತು, ಚುಕ್ಕಿ ಸರಿದ ಕೂಡಲೇ ಆರಿತು. ಮುರಿದು ನೋಡಿದರೆ ನಡುವೆ ಕಡು ಹಸಿರು, ಹಸಿ. ಉಳಿದ ತುಂಡನ್ನು ಬೆರಳಗಾತ್ರಕ್ಕೆ ಪುಡಿ ಮಾಡಿ ಅಡಿಕೆಯ ಪಕ್ಕದಲ್ಲಿ ಒಣಗಲು ಹಾಕಿದೆ. ಸಂಜೆ ಡಬ್ಬಿಗೆ, ಬೆಳಿಗ್ಗೆ ಟಾರ್ಪಾಲಿಗೆ, ಒಂದು ವಾರ. ಆ ಕೆಲಸ ಅಮ್ಮನೇ ಮಾಡಿದರು, ಅಡಿಕೆಯ ಜೊತೆ.

ಫೆಬ್ರವರಿ 2, ಭಾನುವಾರ

ಸೆಗಣಿ ಈಗ ಕೈಯಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ತೂಕವೇ ಇಲ್ಲ. ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿ, ಒಳಗಿನ ಹುಲ್ಲಿನ ಎಳೆ ಉಳಿಯುವ ಹಾಗೆ ಪುಡಿ ಮಾಡಿ, ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಹಾಕಿ, ಹಲಗೆಗೆ ಗೆರಟೆಯನ್ನು ಸೂಜಿಯ ನಡುವೆ ಕೂರಿಸಿದೆ. ಮೊಳೆಯ ನೆರಳು ನೋಡಿದೆ. 12.35.

ಆರು ಸೆಕೆಂಡು. ಮೊದಲು ಕಪ್ಪು ಚುಕ್ಕಿ, ಆಮೇಲೆ ತೆಳ್ಳಗೆ ನೀಲಿ ಹೊಗೆ. ಬಿಳಿಯಲ್ಲ, ನೀಲಿ. ಇಪ್ಪತ್ತು ಸೆಕೆಂಡು ಹಾಗೇ ಬಿಟ್ಟು ಮಸೂರಕ್ಕೆ ಬಟ್ಟೆ ಮುಚ್ಚಿದೆ. ಹೊಗೆ ನಿಲ್ಲಲಿಲ್ಲ. ಬಗ್ಗಿ ನೋಡಿದರೆ ಕಪ್ಪಿನ ಅಂಚಿನಲ್ಲಿ ಕೆಂಪು, ಹುಲ್ಲಿನ ಒಂದು ಎಳೆಯಿಂದ ಇನ್ನೊಂದಕ್ಕೆ ನಿಧಾನಕ್ಕೆ ದಾಟುತ್ತಿದೆ. ಊದಿದೆ, ಕಿತ್ತಳೆ ಬಣ್ಣಕ್ಕೆ ತಿರುಗಿತು. ಹುಡುಗ ಕುಣಿದ. ಭಟ್ರು ಬೇಲಿಯಾಚೆಯಿಂದ, "ಯಾಸ್ಕರಿಗೆ ಒಂದು ನಮಸ್ಕಾರ ಹಾಕು" ಎಂದರು.

ಕೆಂಡವಾದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಕೆಂಡದಿಂದ ಜ್ವಾಲೆಗೆ ಹೋಗುವುದೇ ದೊಡ್ಡ ಕೆಲಸ.

ಮೊದಲ ಪ್ರಯತ್ನ: ಕೆಂಡವನ್ನು ನಾರಿನ ಉಂಡೆಯಲ್ಲಿ ಸುತ್ತಿ ಬಿಗಿಯಾಗಿ ಹಿಡಿದು ಊದಿದೆ. ಗಾಳಿ ಹೋಗಲು ಜಾಗವಿಲ್ಲದೆ ಉಸಿರು ಕಟ್ಟಿ ಆರಿತು. ಎರಡನೆಯದು: ಸಡಿಲವಾಗಿ ಹಿಡಿದು ಜೋರಾಗಿ ಊದಿದೆ, ಕೆಂಡ ಪುಡಿಯಾಗಿ ಅಂಗಿಯ ಮೇಲೆ ಹಾರಿತು, ಎರಡು ತೂತು. ಮೂರನೆಯದರಲ್ಲಿ ಬಾಯಿಯಿಂದ ಊದಿ ಊದಿ ನನಗೇ ತಲೆ ತಿರುಗಿತು, ಹೊಗೆ ಕಣ್ಣಿಗೆ ಹೋಗಿ ಹತ್ತು ನಿಮಿಷ ಕಣ್ಣೇ ಬಿಡಲಿಲ್ಲ.

ನಾಲ್ಕನೆಯದಕ್ಕೆ ಅಮ್ಮನೇ ಹೊರಗೆ ಬಂದರು. ಅಡಿಗೆಮನೆಯ ಹಳೆ ಊದುಕೊಳವೆ ಕೊಟ್ಟು, "ಹಕ್ಕಿಗೂಡಿನ ಹಾಗೆ ಮಾಡು, ಮುಷ್ಟಿಯ ಹಾಗಲ್ಲ" ಎಂದರು. ಒಣಗಿಸಿದ ನಾರನ್ನು ಬಿಡಿಸಿ, ನಡುವೆ ಗುಳಿ ಮಾಡಿ, ಗುಳಿಗೆ ಕೆಂಡ, ಕೆಂಡದ ಮೇಲೆ ಇನ್ನೊಂದು ಚಿಟಿಕೆ ಸೆಗಣಿ ಪುಡಿ, ಮೇಲೆ ತೆಳ್ಳಗೆ ನಾರು. ಗೂಡನ್ನು ಮುಖಕ್ಕಿಂತ ಎತ್ತರಕ್ಕೆ ಹಿಡಿದು ಕೆಳಗಿನಿಂದ ಕೊಳವೆಯಲ್ಲಿ ಮೆಲ್ಲ, ಉದ್ದಕ್ಕೆ ಊದುವುದು. ಹೊಗೆ ಬಿಳಿಯಿಂದ ದಪ್ಪ ಹಳದಿಯಾಯಿತು. ಅದು ಹಳದಿಯಾದ ಮೇಲೆ ಮೂರೇ ಊದು: ಬುಸ್ ಎಂದು ಜ್ವಾಲೆ. ಗೂಡನ್ನು ಕೈಬಿಟ್ಟೆ, ಅದು ಅಂಗಳದಲ್ಲಿ ಉರಿದು ಬೂದಿಯಾಯಿತು. ಒಲೆಗೆ ಒಯ್ಯಬೇಕು ಎಂಬುದೇ ಮರೆತುಹೋಗಿತ್ತು!

ಐದನೆಯದನ್ನು ಗೆರಟೆಯಲ್ಲಿಟ್ಟು ಬಚ್ಚಲಿಗೆ ಒಯ್ದು, ಒಣ ತೆಂಗಿನ ಗರಿ, ಅದರ ಮೇಲೆ ಕೊತ್ತಳಿಗೆಯ (ಗರಿಯ ದಪ್ಪ ದಂಟಿನ) ಸೀಳು ಇಟ್ಟು ಒಲೆ ಹೊತ್ತಿಸಿದೆ. ಮಧ್ಯಾಹ್ನ 1.50. ಪಂಥ ಗೆದ್ದೆ ಎಂದೆ.

"ಮಧ್ಯಾಹ್ನ ಎರಡು ಗಂಟೆಗೆ ಯಾರು ಮೀಯುತ್ತಾರೆ? ನಾನು ಹೇಳಿದ್ದು ಬೆಳಗಿನ ಒಲೆ" ಎಂದರು ಅಮ್ಮ.

ಬೆಳಿಗ್ಗೆ ಐದೂಮುಕ್ಕಾಲಿಗೆ ಸೂರ್ಯನೇ ಎದ್ದಿರುವುದಿಲ್ಲ. ಸರಿ, ಮಧ್ಯಾಹ್ನದ ಬೆಂಕಿಯನ್ನು ಬೆಳಗಿನವರೆಗೆ ಕಾಯಬೇಕು, ಹದಿನೇಳು ಗಂಟೆ. ಅದೇ ರಾತ್ರಿ ಒಲೆಯಲ್ಲಿ ದಪ್ಪ ಕೆಂಡ ಮಾಡಿ, ಎರಡು ಬೆರಣಿ ಇಟ್ಟು, ಮೇಲೆ ಬೂದಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಕೆದಕಿದರೆ ಬೆಚ್ಚಗಿನ ಬೂದಿ ಮಾತ್ರ. ಬೂದಿ ತೆಳ್ಳಗಾಗಿತ್ತು, ಗಾಳಿ ಹೊಕ್ಕು ಎಲ್ಲ ಬೇಗ ಉರಿದುಹೋಗಿತ್ತು.

ಅಮ್ಮ ಆಗ ಸುಮ್ಮನಿದ್ದರು. ಸಂಜೆ ಚಹಾ ಕುಡಿಯುವಾಗ ಹೇಳಿದರು, ಅವರು ಸಣ್ಣವರಿದ್ದಾಗ ಮನೆಯಲ್ಲಿ ಬೆಂಕಿ ಆರಿಹೋದರೆ ಗೆರಟೆ ಹಿಡಿದುಕೊಂಡು ಪಕ್ಕದ ಮನೆಗೆ ಕೆಂಡ ಕೇಳಲು ಓಡಬೇಕಿತ್ತಂತೆ. ಹೋದವರಿಗೆ ಬೈಗಳು, ರಾತ್ರಿ ಬೆಂಕಿ ಕಾಯಲು ಗೊತ್ತಿಲ್ಲವಾ ಎಂದು. "ಬೆರಣಿಯಲ್ಲಿ ನಿಲ್ಲುವುದಿಲ್ಲ. ಉಮಿ ತಾ."

ಫೆಬ್ರವರಿ 9, ಭಾನುವಾರ, ಮತ್ತು ಮಾರನೆ ಬೆಳಿಗ್ಗೆ

ಅಕ್ಕಿ ಮಿಲ್ಲಿನಿಂದ ಒಂದು ಚೀಲ ಉಮಿ, 40 ರೂಪಾಯಿ. ಅದನ್ನೂ ಮೂರು ದಿನ ಬಿಸಿಲಿಗೆ ಹಾಕಿದ್ದಾಯಿತು.

12.45ಕ್ಕೆ ಮಸೂರ ಬಿಚ್ಚಿದೆ. ಈ ಸಲ ಎಲ್ಲ ಮೊದಲ ಏಟಿಗೇ. ಕೆಂಡಕ್ಕೆ ಐದು ಸೆಕೆಂಡು, ಗೂಡಿಗೆ ಎರಡು ನಿಮಿಷ. ಹುಡುಗನೇ ಊದಿದ, ಕಪ್ಪು ಗಾಜು ತಲೆಗೆ ಕಟ್ಟಿಕೊಂಡು, ತೆಗೆಯಲು ಮರೆತು. ಬೆಂಕಿಯನ್ನು ಒಡೆದ ಕಬ್ಬಿಣದ ಬಾಣಲೆಗೆ ಹಾಕಿ ಕೊತ್ತಳಿಗೆಯಲ್ಲಿ ಕೆಂಡ ಮಾಡಿದೆವು. ಮುಂದಿನದು ಅಮ್ಮನ ಕೈಯಲ್ಲಿ. ಕೆಂಡದ ಮೇಲೆ ಉಮಿಯನ್ನು ಗೋಪುರದ ಹಾಗೆ ಸುರಿದರು, ಸುಮಾರು ಮೂರು ಕಿಲೋ. ಅಂಗೈಯಿಂದ ತಟ್ಟಿ ನಯ ಮಾಡಿದರು. ಮೇಲಿನಿಂದ ಒಂದು ಬೆರಳು ತೂರಿಸಿ ಹೊಗೆಗೆ ಕಂಡಿ ಬಿಟ್ಟರು, ಸುತ್ತ ಎರಡು ಬೆರಳು ದಪ್ಪ ಬೂದಿ. ಜ್ವಾಲೆ ಇಲ್ಲ, ಕೆಂಪೂ ಕಾಣುವುದಿಲ್ಲ, ಕಂಡಿಯಿಂದ ಮಾತ್ರ ಊದುಬತ್ತಿಯಷ್ಟು ಹೊಗೆ. ಬಾಣಲೆ ಬಚ್ಚಲಿನಲ್ಲಿ, ಕಿಟಕಿ ಬಾಗಿಲು ತೆರೆದು. ಇದನ್ನು ಮಲಗುವ ಕೋಣೆಯಲ್ಲಿ ಇಡಲೇಬಾರದು, ಕಾಣದ ಹೊಗೆ ಆಳನ್ನು ಕೊಲ್ಲುತ್ತದೆ.

ರಾತ್ರಿ ಎಂಟಕ್ಕೆ ನೋಡಿದೆ, ಗೋಪುರದ ಮೇಲ್ಭಾಗ ಕಪ್ಪು. ಹನ್ನೊಂದಕ್ಕೆ ನೋಡಲು ಎದ್ದೆ, ಬೆದಕಬೇಡ ಎಂದು ಒಳಗಿನಿಂದಲೇ ಅಮ್ಮನ ಸ್ವರ.

ಸೋಮವಾರ ಬೆಳಿಗ್ಗೆ 5.40. ಗೋಪುರ ಕುಸಿದು ಬಾಣಲೆಯ ಅಂಚಿನ ಮಟ್ಟಕ್ಕೆ ಬಂದಿತ್ತು. ಮೇಲೆಲ್ಲ ಕರಿ, ಹೊಗೆ ನಿಂತಿತ್ತು. ಹೋಯಿತು ಎಂದುಕೊಂಡೆ. ಅಮ್ಮ ತೆಂಗಿನ ಗರಿಯ ಕಡ್ಡಿಯಿಂದ ಬದಿಯಲ್ಲಿ ಮೆಲ್ಲ ಬಗೆದರು. ತಳದಲ್ಲಿ, ಅಡಿಕೆಯಷ್ಟು ಅಗಲಕ್ಕೆ, ಕತ್ತಲೆಯಲ್ಲಿ ಕೆಂಪು. ಕೊಳವೆ ಹಿಡಿದು ಎರಡು ಊದು, ಗರಿ ಹೊತ್ತಿತು. ನಿನ್ನೆ 12.45ರ ಬಿಸಿಲು ಹಂಡೆಯ ಅಡಿಗೆ ಹೋಯಿತು. ಆರೂಕಾಲಕ್ಕೆ ನೀರು ಬಿಸಿ.

ಖರ್ಚು: ಸಂತೆಯ ಮಸೂರ 60, ಗಾಜಿನದು 380, ಎಂಡ್ ಕ್ಯಾಪ್ 45, ಬೋಲ್ಟು-ನಟ್ಟು 30, ಕಪ್ಪು ಗಾಜು 40, ಟೇಪು 120, ಉಮಿ 40. ಒಟ್ಟು 715 ರೂಪಾಯಿ. ಬೆಂಕಿಪೆಟ್ಟಿಗೆಗೆ 2021ರ ಡಿಸೆಂಬರಿನಿಂದ ಎರಡು ರೂಪಾಯಿ. ಲೆಕ್ಕ ನಾನು ಮಾಡಲಿಲ್ಲ, ಹುಡುಗ ಮಾಡಿದ: 357 ಪೆಟ್ಟಿಗೆ, ಒಂದು ರೂಪಾಯಿ ಚಿಲ್ಲರೆ.

ಗೋಳಿಬಜೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮಸೂರ ನಿನ್ನದು, ಬೆರಣಿ ಭಟ್ರದ್ದು, ಊದಿದ್ದು ಹುಡುಗ, ರಾತ್ರಿಯಿಡೀ ಕಾದದ್ದು ನನ್ನ ಉಮಿ, ಹಾಗಾದರೆ ಗೆದ್ದದ್ದು ಯಾರು ಎಂದು ಅಮ್ಮ ಕೇಳುತ್ತಿದ್ದಾರೆ. ಹಿಟ್ಟು ಮಾತ್ರ ಇವತ್ತು ಮಧ್ಯಾಹ್ನವೇ ಮೊಸರು ಹಾಕಿ ಕಲಸಿಟ್ಟದ್ದು ನೋಡಿದ್ದೇನೆ.